ಒಂಟಿ ಮುಳ್ಳಿನ ನೂರು ದಿನ

"ನಿನ್ ಕೈಲಿ ಆಗಲ್ಲ" ಎಂದು ಮೊದಲು ಹೇಳಿದವರು ನಮ್ಮ ಸೋದರಮಾವ ಸಿದ್ಧಯ್ಯ. ಹೇಳಿದ್ದು ಅರಸೀಕೆರೆಯ ನಮ್ಮ ಮನೆಯಲ್ಲಿ, ಊಟದ ನಡುವೆ, ಉಪ್ಪಿನಕಾಯಿ ಎಲ್ಲಿ ಎಂದು ಕಣ್ಣಲ್ಲೇ ಹುಡುಕುತ್ತಾ.

"ನೂರು ದಿನ, ದಿನಾ ಕಟ್ಟದಾ? ನೀನಾ? ಮೂರು ದಿನ ಕಟ್ಟಿ ನಾಕ್ನೇ ದಿನ ಬೀರುಗೆ ಮಡಗ್ತೀಯ ಕಣೆ ಸುಜಾತ. ಬೇಕಾದ್ರೆ ಬರ್ಕೊಡ್ತೀನಿ."

ಬರೆದುಕೊಡುತ್ತೇನೆ ಎನ್ನುವುದರಲ್ಲಿ ಮಾವ ಎಂದೂ ಹಿಂದೆ ಬಿದ್ದವರಲ್ಲ. ನಾನು ನಮ್ಮೂರು ಬಸ್ತಿಹಳ್ಳಿಯಿಂದ ದಿನಾ ಬೇಲೂರಿಗೆ ಬಸ್ಸಿನಲ್ಲಿ ಓಡಾಡಿಕೊಂಡು ಬಿ.ಎಸ್ಸಿ. ಮಾಡುತ್ತೇನೆಂದು ಹಟ ಹಿಡಿದಾಗಲೂ "ದೀಪಾವಳಿ ಹೊತ್ಗೆ ಓದು ಬಿಟ್ಟು ಮನೇಲಿ ಕೂತಿರ್ತಾಳೆ, ಬರ್ಕೊಡ್ತೀನಿ" ಎಂದಿದ್ದರು. ಅದನ್ನು ನಿಜವಾಗಿ ಬರೆದುಕೊಟ್ಟಿದ್ದರೆ ಚೌಕಟ್ಟು ಹಾಕಿಸಿ ನನ್ನ ಪದವಿಯ ಪಕ್ಕದಲ್ಲೇ ನೇತುಹಾಕುತ್ತಿದ್ದೆ. ಅಪ್ಪನ ಕಡೆಯಲ್ಲಾಗಲಿ ಅವ್ವನ ಕಡೆಯಲ್ಲಾಗಲಿ ಪದವಿ ಪಡೆದವರಲ್ಲಿ ನಾನೇ ಮೊದಲು. ಈಗ ಅರಸೀಕೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಇದನ್ನು ತಲೆ ತಗ್ಗಿಸಿಕೊಂಡು ಹೇಳುವ ವಿನಯ ನನಗೆ ಬಂದಿಲ್ಲ. ಬರುವ ಲಕ್ಷಣವೂ ಇಲ್ಲ.

ಆದರೆ ಈ ಸಲ ಮಾವನ ಮಾತಿಗೆ ಆಧಾರವಿತ್ತು ಎಂದು ಒಪ್ಪಬೇಕು. ನಮ್ಮದು ಒಳ್ಳೆಯ ಪದಾರ್ಥವನ್ನು ಬಳಸದ ಮನೆ. ಹೊಸ ತಟ್ಟೆ ತಂದರೆ ಅದು ನೆಂಟರಿಗೆ; ನೆಂಟರು ಬಂದರೆ, ಇವರಿಗಿಂತ ದೊಡ್ಡ ನೆಂಟರಿಗೆ. ಟಿ.ವಿ.ಯ ರಿಮೋಟು ಕೊಂಡ ದಿನದ ಪ್ಲಾಸ್ಟಿಕ್ ಕವರಿನೊಳಗೇ ಇದೆ. ಗುಂಡಿ ಸರಿಯಾಗಿ ಕಾಣದೆ ವಾರ್ತೆ ಹಾಕಲು ಹೋಗಿ ಎಷ್ಟೋ ಸಂಜೆ ಹಲಸಿನ ಕಾಯಿಯ ಹಪ್ಪಳ ಮಾಡುವುದನ್ನು ನೋಡಿದ್ದೇವೆ. ನನ್ನ ಮೊದಲ ಸಂಬಳದಲ್ಲಿ ಅವ್ವನಿಗೆ ಒಂದು ರೇಷ್ಮೆ ಸೀರೆ ತಂದಿದ್ದೆ. ಅದನ್ನು ಅವಳು ಉಟ್ಟಿದ್ದನ್ನು ನಾನು ಕಂಡಿಲ್ಲ, ವರ್ಷಕ್ಕೊಮ್ಮೆ ಬಿಸಿಲಿಗೆ ಹರವಿದ್ದನ್ನು ಕಂಡಿದ್ದೇನೆ. ಕಷ್ಟಪಟ್ಟು ಪಡೆದದ್ದನ್ನು ಸವೆಸುವುದೆಂದರೆ ನಮ್ಮವರಿಗೆ ಏನೋ ಅಪರಾಧ ಮಾಡಿದ ಹಾಗೆ.

ಅಂಥ ಮನೆಯವಳಾದ ನಾನು, ದಿನಾ ಕಟ್ಟಲೇಬೇಕು ಎಂಬ ಷರತ್ತಿನ ಮೇಲೆ ಒಂದು ಕೈಗಡಿಯಾರ ತಂದಿದ್ದೆ. ಅದೂ ಎಂಥದ್ದು? ಒಂದೇ ಮುಳ್ಳಿನದು.

ನಗಬೇಡಿ, ಇನ್ನೊಂದು ಮುಳ್ಳು ಮುರಿದು ಬಿದ್ದದ್ದಲ್ಲ. ಗಂಟೆಯ ಮುಳ್ಳು ಮಾತ್ರ ಇರಲಿ ಎಂದೇ ಮಾಡಿದ ಗಡಿಯಾರ ಅದು. ಬೂದಿ ಬಣ್ಣದ ಮುಖ, ಅಂಕಿಗಳಿಲ್ಲ. ಅಂಚಿನ ಸುತ್ತ ಕೂದಲೆಳೆಯಂಥ ಗೆರೆಗಳು. ಒಂದು ಗೆರೆಯಿಂದ ಇನ್ನೊಂದಕ್ಕೆ ಐದು ನಿಮಿಷ. ಆ ಗೆರೆಗಳ ಮೇಲೆ ಒಂದು ಮುಳ್ಳು, ಯಾರಿಗೂ ಉತ್ತರ ಕೊಡಬೇಕಾಗಿಲ್ಲದವರ ಹಾಗೆ, ನಿಧಾನವಾಗಿ ನಡೆಯುತ್ತದೆ. ಇದನ್ನು ಮಾಡಿದವರು ಮೈಸೂರಿನ ಮಧುಕರ ಎಂಬವರು. ವಿದೇಶದ ಯಾವುದೋ ಬೆಟ್ಟದೂರಿನ ಗಡಿಯಾರದ ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ದುಡಿದು, ತಿರುಗಿ ಬಂದು, ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬರೇ ಕೂತು ಮಾಡುತ್ತಾರೆ. ವರ್ಷಕ್ಕೆ ಮುಗಿಯುವುದು ಬೆರಳೆಣಿಕೆಯಷ್ಟು. ಬೆಲೆ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ಅವ್ವನಿಗೆ ಓದಲು ಬರುವುದಿಲ್ಲ ನಿಜ, ಆದರೆ ಓದಿಸಿಕೊಳ್ಳಲು ಚೆನ್ನಾಗಿ ಬರುತ್ತದೆ.

ಈ ಹುಚ್ಚು ಯಾವಾಗ ಹಿಡಿಯಿತು ಎಂದು ಕೇಳುವವರಿದ್ದಾರೆ. ಬಸ್ತಿಹಳ್ಳಿಯ ಶಾಲೆಯಲ್ಲಿ ನಾವು ಹುಡುಗಿಯರೆಲ್ಲ ಮಣಿಕಟ್ಟನ್ನು ಕಚ್ಚಿಕೊಂಡು ವಾಚು ಮಾಡಿಕೊಳ್ಳುತ್ತಿದ್ದೆವು. ಹಲ್ಲಿನ ಗುರುತು ದುಂಡಗೆ, ಕೆಂಪಗೆ ಮೂಡುತ್ತಿತ್ತು. ಮಗ್ಗಿ ಹೇಳಿ ಮುಗಿಸುವಷ್ಟರಲ್ಲಿ ಅಳಿಸಿಹೋಗುತ್ತಿತ್ತು; ಮತ್ತೆ ಕಚ್ಚಿಕೊಳ್ಳಬೇಕು. ನನ್ನದೊಂದು ಹಲ್ಲು ಸೊಟ್ಟ. ಹಾಗಾಗಿ ನನ್ನ ವಾಚಿಗೆ ಪಕ್ಕದಲ್ಲೊಂದು ತಿರುಗಿಸುವ ಕೀಲಿಯೂ ಮೂಡುತ್ತಿತ್ತು. ಇಡೀ ತರಗತಿಯಲ್ಲಿ ಕೀಲಿ ಇದ್ದ ವಾಚು ನನ್ನದೊಂದೇ. ಆಗಿನ ಗತ್ತು ಇವತ್ತಿಗೂ ಸ್ವಲ್ಪ ಉಳಿದುಕೊಂಡಿದೆ ಎಂದು ನನ್ನ ಸಹೋದ್ಯೋಗಿಗಳು ಹೇಳುತ್ತಾರೆ.

ಶಾಲೆ ಬಿಟ್ಟರೆ ನಮಗೆ ಬಸದಿಯ ಅಂಗಳ. ಅಲ್ಲಿ ಒಳಗಿನ ಕಂಬಗಳು ಕರಿಕಲ್ಲಿನವು, ಕಡೆದು ನುಣುಪು ಮಾಡಿದವು, ಕನ್ನಡಿ ಹಾಗೆ ಮುಖ ತೋರಿಸುತ್ತವೆ. ಪ್ರವಾಸಿಗಳು ಅದನ್ನು ನೋಡಿ ಬೆರಗಾಗಿ ಫೋಟೋ ತೆಗೆಯುತ್ತಿದ್ದರೆ, ನಾವು ನಾಲಗೆ ಚಾಚಿ ಅದು ಎಷ್ಟುದ್ದ ಕಾಣುತ್ತದೆ ಎಂದು ನೋಡುತ್ತಿದ್ದೆವು. ನಮ್ಮನೆಯಲ್ಲಿ ಒಡೆದ ಕನ್ನಡಿಯ ಒಂದು ಚೂರಿತ್ತು. ಅದರಲ್ಲಿ ಒಂದು ಸಲಕ್ಕೆ ಒಂದು ಕಣ್ಣು ಕಾಣುತ್ತಿತ್ತು. ಇಡೀ ಮುಖ ನೋಡಿಕೊಳ್ಳಬೇಕೆಂದರೆ ಬಸದಿಗೇ ಹೋಗಬೇಕು. ಕಾವಲಿನವನು "ದ್ಯಾವ್ರು ನೋಡಕ್ ಬತ್ತೀರೋ, ನಿಮ್ ಮಕ ನೋಡ್ಕಳಕ್ ಬತ್ತೀರೋ?" ಎಂದು ಅಟ್ಟಿಸಿಕೊಂಡು ಬರುತ್ತಿದ್ದ.

ಇದನ್ನೇಕೆ ಹೇಳಿದೆ ಎಂದರೆ, ಮಧುಕರ ಅವರು ಆ ಒಂಟಿ ಮುಳ್ಳನ್ನು ನುಣುಪು ಮಾಡಲು ಇಡೀ ಒಂದು ವಾರ ತೆಗೆದುಕೊಳ್ಳುತ್ತಾರೆ. ತವರದ ತಟ್ಟೆಯ ಮೇಲೆ ಬೆರಳಿನಲ್ಲೇ ಉಜ್ಜುತ್ತಾ, ಉಜ್ಜುತ್ತಾ, ಉಕ್ಕು ಒಂದು ಕಡೆಯಿಂದ ನೋಡಿದರೆ ಬಿಳಿ, ಇನ್ನೊಂದು ಕಡೆಯಿಂದ ನೋಡಿದರೆ ಕಾಡಿಗೆ ಕಪ್ಪು ಕಾಣುವವರೆಗೆ. ಅದರ ಚಿತ್ರ ನೋಡಿದಾಗ ಬೇರೆಯವರು ವಿದೇಶದ ವಿದ್ಯೆ ಎಂದುಕೊಂಡಿರಬಹುದು. ನಾನು ಮಾತ್ರ 'ಅರೆ, ಇದು ನಮ್ಮೂರಿನ ಕಂಬ' ಎಂದುಕೊಂಡೆ. ಬೇಕೆನಿಸಿತು. ಅಷ್ಟು ದೊಡ್ಡದನ್ನು ಬೇಕು ಎಂದುಕೊಳ್ಳಲು ನನಗೆ ಧೈರ್ಯ ಬೇಕಾಗಲಿಲ್ಲ; ಅದನ್ನೆಲ್ಲ ಬೇಲೂರಿನ ಬಸ್ಸಿನಲ್ಲೇ ಕಲಿತಿದ್ದೆ.

ನಾನು ಗಡಿಯಾರ ಕೂಡಿಡುವವಳು ಎಂಬುದನ್ನು ಇಷ್ಟು ಹೊತ್ತಿಗೆ ಊಹಿಸಿರುತ್ತೀರಿ. ರೈಲ್ವೆ ಗಾರ್ಡೊಬ್ಬರ ಜೇಬು ಗಡಿಯಾರ, ಕಣ್ಣಿಲ್ಲದವರು ಮುಚ್ಚಳ ತೆರೆದು ಬೆರಳಿನಿಂದ ಸಮಯ ನೋಡುವ ವಾಚು, ಏನು ಮಾಡಿದರೂ ಮಂಗಳವಾರವನ್ನು ಬಿಟ್ಟು ಮುಂದೆ ಹೋಗದ ಒಂದು ವಾಚು, ಹೀಗೆ ಯಾರಿಗೂ ಬೇಡವಾದವು ನನ್ನ ಮನೆ ಸೇರಿವೆ. ಇವನ್ನೆಲ್ಲ ಹುಡುಕಿ ಕೊಟ್ಟವರು ಸ್ಟೇಷನ್ ರಸ್ತೆಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಗಫಾರ್ ಸಾಹೇಬರು. ಹೊಸ ಗಡಿಯಾರವನ್ನು ಮೊದಲು ಅವರಿಗೇ ತೋರಿಸಿದೆ. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು.

"ಇನ್ನೊಂದು ಮುಳ್ಳು ಬೇರೆ ಪಾರ್ಸಲ್ಲಲ್ಲಿ ಬರುತ್ತಾ ಮೇಡಂ?"

ವಿವರಿಸಿದೆ. ಅವರು ಅದನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದರು.

"ಮಾತು ಶುದ್ಧವಾಗಿದೆ. ಆದ್ರೆ ಈ ಊರಿಗೆ ಆಗೋದಲ್ಲ. ಇದು ಜಂಕ್ಷನ್ನು ಮೇಡಂ, ಒಂದು ನಿಮಿಷಕ್ಕೆ ಗಾಡಿ ತಪ್ಪುತ್ತೆ."

"ಗಾಡಿ ಹೇಳಿದ ನಿಮಿಷಕ್ಕೆ ಬಂದ್ರೆ ತಾನೆ ಸಾಹೇಬ್ರೆ?"

"ಅದೂ ಖರೇನೇ" ಎಂದು ನಕ್ಕು, ಗಡಿಯಾರವನ್ನು ತಮ್ಮ ಅಂಗಿಯ ತುದಿಯಿಂದ ಒರೆಸಿ ಹಿಂದಿರುಗಿಸಿದರು.

ಇನ್ನು ಷರತ್ತಿನ ವಿಷಯ. ಮಧುಕರ ಅವರಿಂದ ಗಡಿಯಾರ ಪಡೆಯಲು ಹಣವೊಂದೇ ಸಾಲದು. ಅದನ್ನು ಕಟ್ಟಿಕೊಂಡು ಏನೇನು ಕೆಲಸ ಮಾಡುತ್ತೀರಿ ಎಂದು ಕಾಗದ ಬರೆಯಬೇಕು. ನಾನು ಕನ್ನಡದಲ್ಲೇ ಮೂರು ಪುಟ ಬರೆದೆ. ಕರೆದರು. ಗಡಿಯಾರವನ್ನು ಕೈಗಿತ್ತರು. ಜೊತೆಗೆ ಒಂದು ಖಾಲಿ ನೋಟ್‌ಬುಕ್ಕು.

"ಗಡಿಯಾರ ಎಷ್ಟು ಸರಿ ನಡೆಯುತ್ತೆ ಅನ್ನೋ ಪ್ರಮಾಣಪತ್ರ ಈಗ ಕೊಡೋದಿಲ್ಲ" ಎಂದರು. ಅರವತ್ತು ದಾಟಿದ, ಮಾತಿಗಿಂತ ಹೆಚ್ಚು ಹೊತ್ತು ಸುಮ್ಮನಿರುವ ಮನುಷ್ಯ. "ನೂರು ದಿನ ಕಟ್ಟಿ. ದಿನಾ ಏನು ಮಾಡಿದಿರಿ, ಕಳಚಿದಾಗ ಹೇಗೆ ಇಟ್ಟಿರಿ, ಇದರಲ್ಲಿ ಬರೀರಿ. ನೂರನೇ ದಿನ ನಾನೇ ಬಂದು ನೋಡಿ, ನಿಮ್ಮ ಕೈಗೆ ಹೊಂದಿಸಿ, ಆಮೇಲೆ ಪತ್ರ ಬರೆದುಕೊಡ್ತೀನಿ. ಎರಡು ದಿನ ಬಿಟ್ಟರೆ ಕ್ಷಮಿಸ್ತೀನಿ. ಮೂರು ದಿನ ಬಿಟ್ಟರೆ ನಿಮ್ಮ ಹಣ ನಿಮಗೆ, ನನ್ನ ಗಡಿಯಾರ ನನಗೆ."

"ಇಷ್ಟು ಕಟ್ಟುನಿಟ್ಟು ಯಾಕೆ ಸಾರ್?"

"ಕೊಂಡೋರೆಲ್ಲ ಬೀರುವಿನಲ್ಲಿ ಇಡ್ತಾರೆ ಮೇಡಂ. ನಾನು ಮನುಷ್ಯರ ಕೈಗೆ ಅಂತ ಮಾಡೋದು. ಬೀರುವಿಗೆ ಗಡಿಯಾರ ಯಾಕೆ?"

ನಮ್ಮ ಮನೆಯ ಬೀರುವನ್ನು ಅವರು ನೋಡಿರಲಿಲ್ಲ.

ಮೊದಲ ವಾರ ಕೈ ನನ್ನದಲ್ಲ ಎನ್ನುವ ಹಾಗೆ ಓಡಾಡಿದೆ. ಬಾಗಿಲ ಚೌಕಟ್ಟಿಗೆ ತಗುಲೀತೆಂದು ಮೊಣಕೈ ಮಡಚಿಕೊಂಡು ನಡೆಯುತ್ತಿದ್ದೆ. ಕೈಗೆ ಪೆಟ್ಟಾಗಿದೆಯೇ ಎಂದು ಪ್ರಾಂಶುಪಾಲರು ವಿಚಾರಿಸಿದರು. ಎರಡನೇ ವಾರ ಕರಿಹಲಗೆಗೆ ತಾಗಿ ಒಂದು ಗೀರು ಬಿತ್ತು. ಅಂದು ಊಟ ಸೇರಲಿಲ್ಲ. ಮೂರನೇ ವಾರದಲ್ಲಿ ಇನ್ನೊಂದು ಗೀರು ಬಿತ್ತು, ಊಟ ಸೇರಿತು. ಆ ಮೇಲೆ ಅದು ನನ್ನ ಗಡಿಯಾರವಾಯಿತು.

"ಮ್ಯಾಮ್, ನಿಮ್ ವಾಚಿಂದು ಒಂದ್ ಮುಳ್ಳು ಬಿದ್ದೋಗಿದೆ" ಎಂದು ವಿದ್ಯಾರ್ಥಿನಿಯರು ಪ್ರಯೋಗಾಲಯದ ನೆಲವನ್ನೆಲ್ಲ ಹುಡುಕಿದರು. ಟೈಮೆಷ್ಟು ಎಂದು ಕೇಳಿದವರಿಗೆ "ಹನ್ನೊಂದೂವರೆಯ ಆಸುಪಾಸು" ಎಂದರೆ, ಭೌತಶಾಸ್ತ್ರದ ಮೇಡಂ ಬಾಯಲ್ಲಿ ಆಸುಪಾಸೇ ಎಂದು ಗಣಿತದವರು ಹುಬ್ಬೇರಿಸಿದರು. ನೋಟ್‌ಬುಕ್ಕು ಮಾತ್ರ ನಿಯತ್ತಾಗಿ ತುಂಬುತ್ತಿತ್ತು. 'ಬೆಳಿಗ್ಗೆ ಏಳಕ್ಕೆ ಕೀಲಿ. ಮುದ್ದೆ ತಿರುವಿದೆ. ಎರಡನೇ ವರ್ಷದವರಿಗೆ ಲೋಲಕದ ಪ್ರಯೋಗ. ಜಾವಗಲ್ಲಿನ ಬಸ್ಸಿನಲ್ಲಿ ಪಕ್ಕದಾಕೆಯ ಮಗು ಗಡಿಯಾರವನ್ನು ನೆಕ್ಕಿತು. ಮಲಗುವಾಗ ಬುದ್ಧನ ಪಟದ ಕೆಳಗೆ, ಮುಖ ಮೇಲಾಗಿ.' ಇಂಥವು.

ಅವ್ವನದು ಇನ್ನೊಂದು ಕಥೆ. ಎಪ್ಪತ್ತು ದಾಟಿದ ಅವಳಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗಿನಿಂದ ಎಷ್ಟೋ ಸಲ ಕಲಿಸಲು ನೋಡಿದ್ದೇನೆ. "ದೊಡ್ ಮುಳ್ಳು ಮೂರರ ಮ್ಯಾಲಿದ್ರೆ ಹದ್ನೈದು ಅಂತೀಯ, ಚಿಕ್ಕದು ಮೂರರ ಮ್ಯಾಲಿದ್ರೆ ಮೂರೇ ಅಂತೀಯ. ನಿಮ್ ಮಾತಿಗೆ ಒಂದ್ ನೆಲೆ ಬ್ಯಾಡ್ವಾ?" ಎಂದು ಪ್ರತಿ ಸಲವೂ ಎದ್ದು ಹೋಗುತ್ತಿದ್ದಳು. ನ್ಯಾಯವಾದ ಆಕ್ಷೇಪಣೆ, ನನ್ನ ಎಂ.ಎಸ್ಸಿ.ಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಈಗ ಈ ಒಂಟಿ ಮುಳ್ಳನ್ನು ತೋರಿಸಿದರೆ, ಅರ್ಧ ದಿನದಲ್ಲಿ ಹಿಡಿದುಬಿಟ್ಟಳು.

"ಇದು ನೆರಳಿದ್ದಂಗೆ ಕಣೆ. ಹೊಸ್ಲು ದಾಟ್ತು ಅಂದ್ರೆ ಹೊಲಕ್ಕೆ ಎದ್ದು ಹೋಗದು, ಅಷ್ಟೇಯ. ಇದ್ನ ಮೊದ್ಲೇ ತರಕ್ಕಾಗ್ತಿರಲಿಲ್ವಾ ನಿಂಗೆ? ಎಪ್ಪತ್ ವರ್ಷ ಸುಮ್ನೆ ಇನ್ನೊಬ್ರನ್ನ ಟೈಮ್ ಕೇಳ್ಕಂಡು ತಿರ್ಗಿದ್ನಲ್ಲ."

ಅಲ್ಲಿಂದಾಚೆಗೆ ನಾನು ಕಾಲೇಜಿಗೆ ಹೊರಡುವಾಗ ನನ್ನ ಕೈ ಹಿಡಿದು ತಿರುಗಿಸಿ ನೋಡಿ, "ಎಂಟಾಗಿ ಎರಡು ಗೀಟು. ತಡ ಆಯ್ತು, ನಡಿ" ಎನ್ನತೊಡಗಿದಳು. ಓಣಿಯವರಿಗೆಲ್ಲ ಅವಳೇ ಅದರ ಗುಣಗಾನ ಮಾಡಿದಳು. ಆ ಗಡಿಯಾರದ ಮೇಲೆ ನನಗಿಂತ ಹೆಚ್ಚು ಮಮತೆ ಅವಳಿಗೆ ಹುಟ್ಟಿತ್ತು. ಅನಾಹುತ ಆದದ್ದೇ ಅದರಿಂದ.

ಎಪ್ಪತ್ತೆರಡನೇ ದಿನ. ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಬುದ್ಧನ ಪಟದ ಕೆಳಗೆ ಗಡಿಯಾರವಿಲ್ಲ. ಅವ್ವನೂ ಇಲ್ಲ. ಗೆಂಡೆಹಳ್ಳಿಯ ನೆಂಟರ ಮಗುವಿನ ನಾಮಕರಣಕ್ಕೆ ಹೋಗುವವಳಿದ್ದಳು. ಮಾವನ ಜೊತೆ ಮೊದಲ ಬಸ್ಸಿಗೆ ಹೊರಟುಹೋಗಿದ್ದಾಳೆ. ಬರುವುದು ಮೂರು ದಿನದ ಮೇಲೆ. ಮುಂಬಾಗಿಲು ಹಾಗೇ ತೆರೆದಿತ್ತು.

ಮೊದಲು ಬೀರುವನ್ನು ನೋಡಿದೆ. ಸೀರೆಗಳ ಮಡಿಕೆ ಮಡಿಕೆ ಬಿಚ್ಚಿದೆ. ಹಾಸಿಗೆಯ ಕೆಳಗೆ, ಷೋಕೇಸಿನ ಬಟ್ಟಲುಗಳೊಳಗೆ, ಅಕ್ವೇರಿಯಂ ಇದ್ದಿದ್ದರೆ ಅದರೊಳಗೂ ನೋಡುತ್ತಿದ್ದೆ. ಹಿಂದಿನ ದಿನವಷ್ಟೇ ಹಿಂದಿನ ಬೀದಿಯಲ್ಲಿ ಕಳ್ಳತನವಾಗಿತ್ತು. ಬೆಳಿಗ್ಗೆ ಗ್ಯಾಸ್ ಸಿಲಿಂಡರಿನವನು ಬಂದು ಹೋದದ್ದು ನೆನಪಾಗಿ, ಹತ್ತು ವರ್ಷದಿಂದ ನಮ್ಮ ಮನೆಗೆ ಬರುವ ಆ ಸಭ್ಯ ಮನುಷ್ಯನನ್ನು ಮನಸ್ಸಿನಲ್ಲೇ ಒಂದು ಗಂಟೆ ಕಾಲ ಕಳ್ಳನನ್ನಾಗಿ ಮಾಡಿದೆ. ಅದಕ್ಕಾಗಿ ಇವತ್ತಿಗೂ ಅವನಿಗೆ ಕಾಫಿ ಕೊಡದೆ ಕಳಿಸುವುದಿಲ್ಲ.

ಅವ್ವನಿಗೆ ಫೋನು ಮಾಡಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಮಾಡಲಿಲ್ಲ. ಅವಳು ತೆಗೆದಿಲ್ಲವೆಂದಾದರೆ, ನಾಮಕರಣದ ಮನೆಯಲ್ಲಿ ಕೂತು ಅಳುತ್ತಾಳೆ. ಅಲ್ಲದೆ ಫೋನು ಎತ್ತುವವರು ಮಾವ. ಅವರ ಬಾಯಿಂದ 'ನಾನ್ ಹೇಳಿರಲಿಲ್ವಾ' ಎಂಬ ಮಾತು ಕೇಳುವುದಕ್ಕಿಂತ ಗಡಿಯಾರ ಹೋದರೆ ಹೋಗಲಿ ಎನಿಸಿತು. ನನ್ನ ಜಂಬ ಹೀಗೆ ಕೆಲವು ಸಲ ನನಗೇ ಅಡ್ಡ ಬರುತ್ತದೆ. ಆ ಮೂರು ದಿನ ಬರಿಗೈಯಲ್ಲಿ ಪಾಠ ಮಾಡಿದೆ. ಮಣಿಕಟ್ಟಿನಲ್ಲಿ ಬಿಳಿಯ ಪಟ್ಟಿಯೊಂದು ಉಳಿದಿತ್ತು. ನೋಟ್‌ಬುಕ್ಕಿನಲ್ಲಿ ಮೊದಲ ದಿನ 'ಕಾಣೆ' ಎಂದು ಬರೆದೆ, ಎರಡನೇ ದಿನ 'ಕಾಣೆ' ಎಂದು ಬರೆದೆ, ಮೂರನೇ ದಿನವೂ ಅದನ್ನೇ ಬರೆದೆ. ಎರಡು ದಿನದ ಕ್ಷಮೆ ಮುಗಿದಿತ್ತು. ಸಿಕ್ಕರೂ ಅದು ನನ್ನದಲ್ಲ.

ಮೂರನೇ ದಿನ ರಾತ್ರಿ ಅವ್ವ, ಮಾವ ಬಂದರು. ಅವ್ವ ಚಪ್ಪಲಿ ಬಿಡುತ್ತಲೇ ಕೇಳಿದಳು:

"ಕೈಯಾಕೆ ಬರಿದಾಗೈತೆ?"

"ಗಡಿಯಾರ ಕಳೆದುಹೋಯ್ತವ್ವ."

"ಎಲ್ಲೋದದು? ರಾಗೀಲಿ ಐತಲ್ಲ!"

ಅಡುಗೆಮನೆಯ ಮೂಲೆಯಲ್ಲಿ ನೀಲಿ ಬಣ್ಣದ ಪ್ಲಾಸ್ಟಿಕ್ ಡ್ರಮ್ಮಿದೆ. ಊರಿನಿಂದ ಬರುವ ರಾಗಿಯನ್ನು ಅದರಲ್ಲಿ ತುಂಬಿಡುತ್ತೇವೆ.

"ಕಳ್ರು ಬಂದವ್ರೆ ಅಂದ್ರು. ಬಾಗ್ಲು ತೆಗೆದಿಟ್ಟು ನೀನು ಬಚ್ಲಲ್ಲಿದ್ದೆ. ಬಸ್ಸಿಗೆ ಹೊತ್ತಾಗಿತ್ತು. ರಾಗಿ ಒಳೀಕೆ ಮಡಗಿ ಹೋದೆ. ನಮ್ಮನೇಲಿ ಒಡವೆ ಎಲ್ಲಿಡ್ತಾರೆ ಅಂತ ಗೊತ್ತಿಲ್ವಾ ನಿಂಗೆ? ನಮ್ಮವ್ವ ಓಲೆ ಎಲ್ಲಿಡ್ತಿದ್ಲು? ನಾನು ತಾಳಿ ಎಲ್ಲಿಟ್ಟಿದ್ದೆ? ಓದಿದ್ದು ವಸಿ ಜಾಸ್ತಿ ಆಯ್ತು ನಿಂದು."

ನಿಜಕ್ಕೂ ಗೊತ್ತಿತ್ತು. ಊರಿನ ಮನೆಯಲ್ಲಿ ಮಣ್ಣಿನ ವಾಡೆಯ ರಾಗಿಯೊಳಗೆ ಕೈ ಹಾಕಿ ಅವ್ವ ಒಡವೆ ತೆಗೆಯುವುದನ್ನು ಎಷ್ಟು ಸಲ ನೋಡಿಲ್ಲ! ಆದರೆ ಬೀರು, ಲಾಕರು, ಕಪಾಟು ಎಂದು ಹುಡುಕಿದ ನನ್ನ ತಲೆಗೆ ರಾಗಿ ಹೊಳೆದೇ ಇರಲಿಲ್ಲ. ಆಗಲ್ಲವೆಂದವರಿಗೆಲ್ಲ ಉತ್ತರ ಕೊಟ್ಟುಕೊಂಡು ಬಂದವಳು ನನ್ನ ಮನೆಯ ಡ್ರಮ್ಮನ್ನೇ ಮರೆತಿದ್ದೆ. ಅದಕ್ಕಿಂತ ಮಿಗಿಲಾದ ಸಂಗತಿ ತಟ್ಟನೆ ನೆನಪಾಯಿತು.

"ಅವ್ವ, ನಿನ್ನೆ ಅದೇ ಡ್ರಮ್ಮಿಂದ ಎರಡು ಸೇರು ತೆಗೆದು ಗಿರಣಿಗೆ ಕೊಟ್ಟೆ."

ಈಗ ಬೆಚ್ಚಿದ್ದು ಅವ್ವ. ಓಡಿಹೋಗಿ ಮುಚ್ಚಳ ಕಿತ್ತು, ತೋಳಿನವರೆಗೂ ಕೈ ಇಳಿಬಿಟ್ಟಳು. ಮುಖ ಗೋಡೆಯ ಕಡೆ, ಕಣ್ಣು ಮುಚ್ಚಿದೆ, ಕೈ ಒಳಗೆ ಆಡುತ್ತಿದೆ. ಮಾವ ಹಿಟ್ಟಿನ ಡಬ್ಬವನ್ನು ತೆರೆದು ಹಿಟ್ಟನ್ನು ಬೆರಳಿನಲ್ಲಿ ತಿಕ್ಕಿ ನೋಡುತ್ತಿದ್ದರು, ಉಕ್ಕಿನ ಪುಡಿ ಸಿಕ್ಕೀತೇ ಎಂದು. ಕೊನೆಗೆ ಅವ್ವನ ಮುಖ ಸಡಿಲವಾಯಿತು. ಎಲೆಯಡಿಕೆಯ ಹಳೆಯ ಸಂಚಿಯೊಂದು ರಾಗಿ ಸುರಿಸುತ್ತಾ ಮೇಲೆ ಬಂತು. ಅದರೊಳಗೆ ಗಡಿಯಾರ. ನಿಂತಿತ್ತು. ಕೀಲಿ ಕೊಟ್ಟೆ, ನಡೆಯಿತು.

ಅಷ್ಟಾದರೂ ಮೂರು ದಿನ ಮೂರು ದಿನವೇ. ನೋಟ್‌ಬುಕ್ಕನ್ನು ಮುಂದಿಟ್ಟುಕೊಂಡು ಕೂತವಳನ್ನು ನೋಡಿ ಮಾವನಿಗೆ ಕರುಣೆ ಹುಟ್ಟಿತು.

"ಆ ಕಾಣೆ ಅಂತ ಬರ್ದಿರೋ ಹಾಳೆ ಹರ್ದಾಕು. ಮುದ್ದೆ ತಿರುವಿದೆ, ಪಾಠ ಮಾಡಿದೆ ಅಂತ ಬರ್ಕ. ಮೂರು ದಿನ ತಾನೆ? ಯಾರ್ ಬಂದು ನೋಡವ್ರೆ? ನಿಂಗೆ ಕೈ ಬರ್ದೇ ಇದ್ರೆ ನಾನೇ ಬರ್ಕೊಡ್ತೀನಿ."

ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಪೆನ್ನು ಕೈಯಲ್ಲೇ ಇತ್ತು. ಆದರೆ ಲೋಲಕವನ್ನು ತೂಗಾಡಿಸದೆಯೇ ಅಂಕಿ ಬರೆದು ತರುವ ಮಕ್ಕಳ ಪುಸ್ತಕದ ಮೇಲೆ ಇಪ್ಪತ್ತು ವರ್ಷದಿಂದ ಕೆಂಪು ಗೆರೆ ಎಳೆದುಕೊಂಡು ಬಂದವಳು ನಾನು. ಸುಳ್ಳು ಅಂಕಿ ನನ್ನ ಕಣ್ಣಿಗೆ ದೂರದಿಂದಲೇ ಕಾಣುತ್ತದೆ. ನನ್ನ ಬರಹದಲ್ಲೇ ಕಂಡರೆ ಆ ಗಡಿಯಾರವನ್ನು ನಾನು ನೋಡುವುದು ಹೇಗೆ? 'ಕಾಣೆ' ಎಂಬುದರ ಪಕ್ಕದಲ್ಲಿ ಮೂರು ದಿನಕ್ಕೂ 'ರಾಗಿಯಲ್ಲಿ' ಎಂದು ಸೇರಿಸಿ ಮುಚ್ಚಿಟ್ಟೆ. ಉಳಿದ ದಿನಗಳನ್ನು, ಎರವಲು ತಂದ ಒಡವೆ ಹಾಕಿಕೊಂಡವಳ ಹಾಗೆ, ದಿನ ಎಣಿಸುತ್ತಾ ಕಟ್ಟಿದೆ.

ನೂರನೇ ದಿನ ಕಾಲೇಜಿಗೆ ರಜೆ. ಮಧುಕರ ಅವರು ಬೆಳಗಿನ ರೈಲಿಗೆ ಬಂದಿಳಿದರು. ಕೈಯಲ್ಲಿ ವೈದ್ಯರ ಚೀಲದಂಥ ಒಂದು ಚೀಲ. ಮಾವ ತಮಾಷೆ ನೋಡಲು ಮೊದಲೇ ಬಂದು ಕೂತಿದ್ದರು. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಮಧುಕರ ಅವರು ಗಡಿಯಾರವನ್ನು ನನ್ನ ಕೈಯಿಂದ ಬಿಚ್ಚಿಸಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಗೀರುಗಳನ್ನು ಬೆರಳಿನಿಂದ ಸವರಿ ಒಂದು ಸಣ್ಣ ನಗು ನಕ್ಕರು. ಪಟ್ಟಿಯ ಸಂದಿನಿಂದ ಚಿಮುಟದಲ್ಲಿ ಏನನ್ನೋ ತೆಗೆದು ಬಟ್ಟೆಯ ಮೇಲಿಟ್ಟರು. ಒಂದು ರಾಗಿ ಕಾಳು.

"ಇದೇನು?"

ನಾನು ನೋಟ್‌ಬುಕ್ಕನ್ನು ಎಪ್ಪತ್ತೆರಡನೇ ದಿನಕ್ಕೆ ತೆರೆದು ಮುಂದಿಟ್ಟೆ. ಅವರು ಓದಿದರು. ಹಾಳೆ ತಿರುಗಿಸಿದರು. ಮತ್ತೆ ಓದಿದರು.

"ಮೂರು ದಿನ" ಎಂದರು.

"ಹೌದು ಸಾರ್. ಮೂರು."

"ನೀವು ಇದನ್ನ ಬರೀದೇ ಇದ್ದಿದ್ರೆ ನನಗೆ ಗೊತ್ತಾಗ್ತಾ ಇರಲಿಲ್ಲ."

"ನನಗೆ ಗೊತ್ತಿರ್ತಿತ್ತು."

ಅವರು ಗಡಿಯಾರವನ್ನು ಬಟ್ಟೆಯ ಮೇಲಿಟ್ಟರು. ನಾನು ಅದನ್ನು ಮನಸ್ಸಿನಲ್ಲೇ ಒಪ್ಪಿಸಿಬಿಟ್ಟಿದ್ದೆ. ಅಷ್ಟರಲ್ಲಿ ಬಾಗಿಲಿಗೆ ಒರಗಿ ನಿಂತಿದ್ದ ಅವ್ವ ಮುಂದೆ ಬಂದಳು.

"ತಪ್ಪು ನಂದು ಕಣಪ್ಪ. ಅವ್ಳದ್ದಲ್ಲ. ಮಡಗಿದ್ದು ನಾನು."

"ಯಾಕಮ್ಮ ರಾಗಿಯಲ್ಲಿಟ್ರಿ? ಬೀರು ಇತ್ತಲ್ಲ?"

"ಬೀರುಗಾ? ಬೀರು ತೆಗ್ಯದು ವರ್ಷಕ್ಕೊಂದ್ಸಲ. ಅಲ್ಲಿಟ್ಟದ್ದು ಇದ್ರೂ ಒಂದೆ, ಹೋದ್ರೂ ಒಂದೆ. ರಾಗಿಗೆ ದಿನಾ ಕೈ ಹಾಕ್ತೀವಿ. ದಿನಾ ಕೈಗೆ ತಗಲ್ತಿದ್ರೆ ಐತೆ ಅಂತ ಗೊತ್ತಾಗ್ತದೆ."

ಮಧುಕರ ಅವರು ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡರು.

"ಮುಖ ಮೇಲೆ ಮಾಡಿ ಇಟ್ಟಿದ್ರೋ, ಕೆಳಗೋ?"

"ಮ್ಯಾಲಕ್ಕೇಯ. ಕೆಳಗ್ ಮಾಡಿದ್ರೆ ಉಸ್ರು ಕಟ್ಟಲ್ವಾ ಅದಕ್ಕೆ?"

"ಎಷ್ಟು ಆಳ?"

ಅವ್ವ ಬೆರಳ ತುದಿಯಿಂದ ಮೊಣಕೈವರೆಗೆ ತೋರಿಸಿದಳು. ಅವರು ಎದ್ದರು. "ಡ್ರಮ್ಮು ತೋರಿಸಿ" ಎಂದರು.

ಆಮೇಲೆ ನಡೆದದ್ದನ್ನು ನಮ್ಮ ಓಣಿಯವರು ಇವತ್ತಿಗೂ ನಂಬುವುದಿಲ್ಲ. ಗಡಿಯಾರದ ಟಿಕ್ ಟಿಕ್ ಕೇಳಿಸಿಕೊಂಡು ಅದು ದಿನಕ್ಕೆ ಎಷ್ಟು ಸೆಕೆಂಡು ಹೆಚ್ಚು ಕಡಿಮೆ ಓಡುತ್ತದೆಂದು ಹೇಳುವ ಪುಟ್ಟ ಯಂತ್ರವೊಂದು ಅವರ ಚೀಲದಲ್ಲಿತ್ತು. ಅದರಲ್ಲಿಟ್ಟು ಮೊದಲು ಆರು ಭಂಗಿಯಲ್ಲಿ ಪರೀಕ್ಷೆ ಮಾಡಿದರು: ಮುಖ ಮೇಲೆ, ಮುಖ ಕೆಳಗೆ, ಉಳಿದ ನಾಲ್ಕು ಮಗ್ಗುಲು. ಗಡಿಯಾರದ ಪರೀಕ್ಷೆ ಎಲ್ಲ ಕಡೆಯೂ ಈ ಆರು ಭಂಗಿಯಲ್ಲೇ. ಆಮೇಲೆ ಯಂತ್ರದ ಕಿವಿಯ ಸಮೇತ ಗಡಿಯಾರವನ್ನು ಅವ್ವನ ಅದೇ ಸಂಚಿಯಲ್ಲಿಟ್ಟು, ತಂತಿ ಹೊರಗೆ ಬಿಟ್ಟು, ಅವ್ವನ ಕೈಯಿಂದಲೇ ರಾಗಿಯೊಳಗೆ ಮೊಣಕೈ ಆಳಕ್ಕೆ ಇಳಿಸಿದರು. ಅರ್ಧ ಗಂಟೆ. ಮಾವ, ಅವ್ವ, ನಾನು, ಮೈಸೂರಿನ ಗಡಿಯಾರದವರು, ನಾಲ್ವರೂ ಒಂದು ನೀಲಿ ಡ್ರಮ್ಮಿನ ಸುತ್ತ ಮಣೆ ಹಾಕಿಕೊಂಡು ಕೂತೆವು. ಮಾವ ಒಮ್ಮೆ ಕೆಮ್ಮಿದರು. ಮಧುಕರ ಅವರು ತುಟಿಗೆ ಬೆರಳಿಟ್ಟರು. ಮಾವ ಆಮೇಲೆ ಕೆಮ್ಮಲಿಲ್ಲ.

"ನನ್ನ ಮೇಜಿನ ಮೇಲೂ ಇಷ್ಟು ನೆಟ್ಟಗೆ ನಡೆದಿರಲಿಲ್ಲ" ಎಂದರು ಮಧುಕರ, ಯಂತ್ರದ ಅಂಕಿಯನ್ನು ನೋಡುತ್ತಾ. "ಅಲುಗಾಟ ಇಲ್ಲ. ಸೆಕೆ ಇಲ್ಲ, ಚಳಿ ಇಲ್ಲ."

ಮೇಜಿಗೆ ಬಂದು ಚೀಲದಿಂದ ಒಂದು ದಪ್ಪ ಹಾಳೆ ತೆಗೆದು, ಕೂತು, ಮಸಿ ಪೆನ್ನಿನಲ್ಲಿ ಬರೆಯತೊಡಗಿದರು. ನಾನು ಕೇಳಿಯೇಬಿಟ್ಟೆ:

"ಸಾರ್, ಮೂರು ದಿನ ಬಿಟ್ಟಿದ್ದೀನಿ. ನೀವು ಹೇಳಿದ ಮಾತು?"

"ಕಟ್ಟಲಿಲ್ಲ ಅಂತ ಅಲ್ಲ ಮೇಡಂ ನಾನು ವಾಪಸ್ ತಗೊಳ್ಳೋದು. ಎತ್ತಿಟ್ಟು ಮರೆತರೆ ಅಂತ. ಈ ಮನೇಲಿ ಇದನ್ನ ಮರೆತೋರು ಯಾರಿದ್ದಾರೆ? ನೀವು ಮೂರು ದಿನ ಹುಡುಕಿದಿರಿ. ಅವರು ದಿನಾ ಕೈ ಹಾಕೋ ಜಾಗದಲ್ಲಿಟ್ಟರು." ಬರೆಯುವುದನ್ನು ನಿಲ್ಲಿಸದೆಯೇ ಸೇರಿಸಿದರು: "ಆದ್ರೂ ನಿಯಮ ನಿಯಮವೇ. ಹಾಗಾಗಿ ಆ ಮೂರು ದಿನದ ವಿಷಯ ಪತ್ರದಲ್ಲೇ ಇರುತ್ತೆ. ಇದು ಯಾರ ಕೈಗೆ ಹೋದ್ರೂ ಓದ್ಲಿ."

ಮಸಿ ಆರಲೆಂದು ಊದಿ, ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಎರಡೂ ಕೈಯಲ್ಲಿ ತೆಗೆದುಕೊಂಡೆ. ಮೇಲೆ ನನ್ನ ಹೆಸರು, ಬಿ.ಎಸ್ಸಿ., ಎಂ.ಎಸ್ಸಿ. ಸಮೇತ, ಕಾಗದದಲ್ಲಿ ಹಾಗೆಂದು ಸಹಿ ಮಾಡಿದ್ದೆನಲ್ಲ. ಅದರ ಕೆಳಗೆ ಆರು ಭಂಗಿಗಳು, ಒಂದೊಂದರ ಮುಂದೆ ಅಂಕಿ. ಆರರ ಕೆಳಗೆ ಏಳನೆಯದು.

"ಏನಂತ ಬರ್ದವ್ರೆ? ಗಟ್ಟಿಯಾಗಿ ಓದು" ಎಂದಳು ಅವ್ವ.

ಓದಿದೆ. "ಏಳನೆಯ ಭಂಗಿ. ರಾಗಿಯೊಳಗೆ, ಮೊಣಕೈ ಆಳದಲ್ಲಿ, ಮುಖ ಮೇಲಾಗಿ: ದಿನಕ್ಕೆ ಎರಡು ಸೆಕೆಂಡು ಮುಂದೆ. ಮೂರು ದಿನ ಹೀಗೆ ಇತ್ತು."

ಅವ್ವ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಆ ಸಾಲು ಎಲ್ಲಿದೆ ಎಂದು ಬೆರಳಿಟ್ಟು ಕೇಳಿ, ತೋರಿಸಿದ ಮೇಲೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅದನ್ನು ಮಧುಕರ ಅವರ ಮುಂದೆಯೇ ಮತ್ತೆ ಇಟ್ಟಳು.

"ಯಾರ ರಾಗಿ ಅಂತ ಬರ್ದೇ ಇಲ್ವಲ್ಲಪ್ಪ. ಬಸ್ತಿಹಳ್ಳೀದು, ನಮ್ ಸ್ವಂತ ಹೊಲದ್ದು ಅಂತ ಸೇರ್ಸು. ಅಂಗ್ಡೀದು ಅನ್ಕಂಡಾರು ಜನ."